ಜನವರಿಯಲ್ಲಿ ಎಂಥ ಗಾಳಿ?

ನನಗೆ ಮೊದಲ ಅನುಮಾನ ಬಂದದ್ದು ಪ್ರವಾಸದ ಹಡಗಿನವರು ಕಳಿಸಿದ ಎರಡು ಕಾಗದಗಳ ಮೇಲೆ. ಬಣ್ಣದ ಕಾಗದದಲ್ಲಿ "ಉಷ್ಣವಲಯದ ಚಳಿಗಾಲ, ನೀಲಿ ಆಕಾಶ, ತಿಳಿಗಡಲು" ಎಂದು ಬರೆದು, ಈಜುಕೊಳದ ಪಕ್ಕ ಹೆಂಗಸರು ಬಿಸಿಲು ಕಾಯುತ್ತ ಮಲಗಿದ ಚಿತ್ರ ಹಾಕಿದ್ದರು. ಇನ್ನೊಂದರಲ್ಲಿ, ಸಣ್ಣ ಅಕ್ಷರದಲ್ಲಿ, ದಪ್ಪ ಜಾಕೆಟ್ ತನ್ನಿ, ವಾಂತಿಯ ಮಾತ್ರೆ ಇಟ್ಟುಕೊಳ್ಳಿ, ಹವಾಮಾನ ಕೆಟ್ಟರೆ ಯಾವ ಬಂದರನ್ನಾದರೂ ಬಿಟ್ಟು ಮುಂದೆ ಹೋಗುವ ಹಕ್ಕು ನಮಗಿದೆ ಎಂದಿತ್ತು. ಎರಡರಲ್ಲಿ ಒಂದು ಸುಳ್ಳು. ಉಡುಪಿಯ ಕಡಲ ಮಗ್ಗುಲಲ್ಲಿ ಹುಟ್ಟಿದ ನನಗೆ ಯಾವುದೆಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ನಮ್ಮ ಕಡಲಿಗೆ ಹುಚ್ಚು ಹಿಡಿಯುವುದು ಜೂನ್, ಜುಲೈಯಲ್ಲಿ. ಜನವರಿಯ ಕಡಲೆಂದರೆ ಬಟ್ಟಲಲ್ಲಿಟ್ಟ ನೀರು. ಜಾಕೆಟ್ಟಿನ ಮಾತು ಹಡಗಿನೊಳಗಿನ ಅಂಗಡಿಯಲ್ಲಿ ಜಾಕೆಟ್ ಮಾರಲಿಕ್ಕೆ ಎಂದು ತೀರ್ಮಾನಿಸಿ, ನಾಲ್ಕು ಹತ್ತಿಯ ಚೂಡಿದಾರ ಮಾತ್ರ ತುಂಬಿಕೊಂಡೆ.

ಒಮಾನ್‌ನ ಅಲ್ ಹೈಲ್‌ನಲ್ಲಿ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಹದಿನೆಂಟು ವರ್ಷದಿಂದ ರಿಸೆಪ್ಷನ್ನಿನಲ್ಲಿ ಕೂತಿದ್ದೇನೆ. ತಡವಾಗಿ ಬಂದವರು ಹೇಳುವ ಕಾರಣಗಳನ್ನು ಬೆಳಗಿನಿಂದ ಸಂಜೆಯವರೆಗೆ ಕೇಳುವುದೇ ನನ್ನ ಕೆಲಸ. ಟಯರ್ ಪಂಕ್ಚರ್, ಮಗುವಿಗೆ ಜ್ವರ, ರಸ್ತೆಯಲ್ಲಿ ಆಕ್ಸಿಡೆಂಟ್. ಕೇಳಿ ಕೇಳಿ ಯಾರನ್ನೂ ನಂಬದ ಸ್ವಭಾವ ಬಂದುಬಿಟ್ಟಿದೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂದು ನನ್ನ ಗಂಡ ಲಾರೆನ್ಸ್ ಹೇಳುವುದುಂಟು. ಅವರು ವಾದಿ ಕಬೀರ್ ಎಂಬಲ್ಲಿನ ಗ್ಯಾರೇಜೊಂದರಲ್ಲಿ ಸೂಪರ್‌ವೈಸರ್. ಎಂಜಿನ್ನನ್ನೂ ನಂಬುತ್ತಾರೆ, ಗಿರಾಕಿಯನ್ನೂ ನಂಬುತ್ತಾರೆ.

ನಾಲ್ಕು ರಾತ್ರಿಯ ಈ ಪ್ರವಾಸಕ್ಕೆ ನಾನು ಒಪ್ಪಿದ್ದು ಒಂದೇ ಕಾರಣಕ್ಕೆ. ಹಡಗು ನಮ್ಮ ಮತ್ರಾ ಬಂದರಿನಿಂದ ದುಬೈಗೆ, ಅಲ್ಲಿಂದ ಒಮಾನ್‌ನದೇ ಬಡಗಣ ತುದಿಯ ಖಸಬ್‌ಗೆ ಹೋಗಿ ಹಿಂದಿರುಗುತ್ತಿತ್ತು. ಖಸಬ್‌ನಲ್ಲಿ ನನ್ನ ಅಕ್ಕ ಬೆನೆಡಿಕ್ಟಾ ಇದ್ದಾಳೆ, ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಒಂದೇ ದೇಶದಲ್ಲಿದ್ದೂ ನಮ್ಮ ನಡುವೆ ಮಾತು ನಿಂತು ಏಳು ವರ್ಷವಾಗಿತ್ತು. ನನ್ನ ಮಗಳ ಮದುವೆಯ ಹಿಂದಿನ ದಿನ, ಊರಿನ ಮನೆಯಲ್ಲಿ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು; ದೊಡ್ಡಮ್ಮನಾಗಿ ಅಕ್ಕ ಮುಂದೆ ನಿಲ್ಲಬೇಕಿತ್ತು. ಅವಳು ಬರಲಿಲ್ಲ. ಹಾಲು ಹುಳಿಯಾಗುತ್ತದೆಂದು ನಾನೇ ಶುರು ಮಾಡಿಸಿದೆ. ಎಲ್ಲ ಮುಗಿದ ಮೇಲೆ ಬ್ಯಾಗು ಹಿಡಿದು ಬಂದ ಅಕ್ಕ, ಖಸಬ್‌ನಲ್ಲಿ ಗಾಳಿ, ಎರಡು ದಿನ ವಿಮಾನವೇ ಹಾರಲಿಲ್ಲ, ಸ್ವಲ್ಪ ಕಾಯಬಾರದಿತ್ತೇ ಎಂದಳು. ನೆಂಟರೆಲ್ಲರ ಎದುರಿಗೆ ನಾನು, "ಡಿಸೆಂಬರಲ್ಲಿ ಎಂಥ ಗಾಳಿ? ಒಮಾನ್ ನಮಗೂ ಗೊತ್ತುಂಟು" ಎಂದೆ. ಮರುದಿನ ಅವಳು ಇಗರ್ಜಿಗೆ ಬಂದು, ಪೂಜೆ ಮುಗಿಸಿ, ಊಟ ಮಾಡದೆ ಹೋದಳು.

ಅವಳನ್ನು ನೋಡಬೇಕೆನಿಸುತ್ತಿತ್ತು. ಆದರೆ ನೋಡಲೆಂದೇ ಹೋದರೆ ಸೋತಂತಾಗುತ್ತದೆ. ಹಡಗು ನಿಂತಿತು, ಇಳಿದೆ, ಹಾಗೇ ನಿನ್ನ ಮನೆಯ ಕಡೆ ಬಂದೆ ಎಂದರೆ ಯಾರೂ ಸೋತಂತಲ್ಲ. ಇದನ್ನು ಲಾರೆನ್ಸ್‌ಗೂ ಬಿಡಿಸಿ ಹೇಳಿರಲಿಲ್ಲ.

ಅಲ್ ಹೈಲ್‌ನಿಂದ ಮತ್ರಾ ಬಂದರಿಗೆ ಟ್ಯಾಕ್ಸಿಯವನು ಹತ್ತು ರಿಯಾಲ್ ತೆಗೆದುಕೊಂಡ. ಮಧ್ಯಾಹ್ನ ಮೂರು ಗಂಟೆ, ಇಪ್ಪತ್ತೈದು ಡಿಗ್ರಿ, ಕಡಲು ಕದಡದೆ ಮಲಗಿತ್ತು. "ನೋಡಿ, ಜಾಕೆಟ್ ಬೇಕಂತೆ!" ಎಂದು ಲಾರೆನ್ಸ್‌ರನ್ನು ಅಣಕಿಸಿದೆ. ಅವರು ತಮ್ಮ ಬ್ಯಾಗು ನನಗೆ ಕಾಣದ ಹಾಗೆ ಆಚೆ ಸರಿಸಿದರು. ಕೋಣೆ ತೋರಿಸಿದ ಹುಡುಗಿ ವಿಪರೀತ ನಗುತ್ತಿದ್ದಳು, ಅದೂ ನನಗೆ ಸರಿಬರಲಿಲ್ಲ. ರಾತ್ರಿ ಊಟಕ್ಕೆ "ತಾಜಾ ಕಿಂಗ್‌ಫಿಶ್" ಎಂದು ಬೋರ್ಡು ಹಾಕಿದ್ದರು. ಅದು ನಮ್ಮ ಕಡೆಯ ಅಂಜಲ್ ಮೀನೇ; ತಾಜಾ ಹೌದೋ ಅಲ್ಲವೋ ಎಂದು ನನಗೆ ಬೋರ್ಡು ಹೇಳಬೇಕಾಗಿಲ್ಲ. ಅದು ಐಸಿನಲ್ಲಿ ವಾರ ಕಳೆದ ಮೀನು.

ಎರಡನೆಯ ದಿನವಿಡೀ ಕಡಲ ಮೇಲೆ. ಬೆಳಿಗ್ಗೆ ಹತ್ತರವರೆಗೆ ಬಿಸಿಲು ಹಿತವಾಗಿತ್ತು. ನೆರಳಿಗೆ ಸರಿದರೆ ಚಳಿ, ಬಿಸಿಲಿಗೆ ಬಂದರೆ ಮುಖ ಉರಿ. ಒಣ ಗಾಳಿ, ನಮ್ಮೂರಿನ ಹಾಗೆ ಬೆವರು ಬರುವುದಿಲ್ಲ, ಅದಕ್ಕೇ ಚರ್ಮ ಸುಡುವುದು ಗೊತ್ತಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂಗು ಸುಲಿದು ತುಟಿ ಒಡೆದಿತ್ತು. ನಾಲ್ಕು ಗಂಟೆಗೆ ಹಡಗು ಬಡಗಣದ ಕಡೆಗೆ ತಿರುಗಿದಂತೆ ಎದುರಿನಿಂದ ಗಾಳಿ ಬೀಸತೊಡಗಿತು. ಸಂಜೆ ಹದಿನೇಳು ಡಿಗ್ರಿ. ಹದಿನೇಳು ಎಂದರೆ ಕೇಳುವುದಕ್ಕೆ ದೊಡ್ಡದಲ್ಲ. ಡೆಕ್ಕಿನ ಮೇಲೆ ಹತ್ತಿಯ ಚೂಡಿದಾರದಲ್ಲಿ ನಿಂತರೆ ಹಲ್ಲು ಕಟಕಟ ಎನ್ನುತ್ತದೆ. ಆಗ ಲಾರೆನ್ಸ್ ಬ್ಯಾಗಿನಿಂದ ನನ್ನದೇ ಉಣ್ಣೆಯ ಶಾಲನ್ನು ತೆಗೆದು ಹೊದಿಸಿದರು.

"ನನಗೆ ಹೇಳದೆ ಯಾಕೆ ಹಾಕಿದ್ದು?" ಎಂದೆ.

"ಹೇಳಿದ್ದರೆ ನೀನು ತೆಗೆದಿಡ್ತಿದ್ದೆ."

ಅದು ನಿಜ. ಆದರೂ, ಇನ್ನೇನು ಮುಚ್ಚಿಟ್ಟಿದ್ದಾರೋ ಎಂದು ಅವರು ಸ್ನಾನಕ್ಕೆ ಹೋದಾಗ ಬ್ಯಾಗು ತಡಕಿದೆ. ವಾಂತಿಯ ಮಾತ್ರೆ ಸಿಕ್ಕಿತು.

ಮೂರನೆಯ ದಿನ ದುಬೈ. ಆ ಊರು ಎಲ್ಲರಿಗೂ ಗೊತ್ತು, ನಾನು ಬರೆಯುವುದೇನಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಮಳೆ ಬಂತು, ರಸ್ತೆಯಲ್ಲಿ ನೀರು ನಿಂತಿತು, ನಾವು ಮಾಲ್ ಒಂದರಲ್ಲಿ ಕೂತು ಚಹಾ ಕುಡಿದು ಹಿಂದೆ ಬಂದೆವು. ಬಂದು ನೋಡಿದರೆ ಹಡಗಿನಲ್ಲಿ ಏನೋ ನಡೆದಿತ್ತು. ಡೆಕ್ಕಿನ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಹಗ್ಗ ಕಟ್ಟಿದ್ದರು. ಈಜುಕೊಳದ ನೀರು ಖಾಲಿ ಮಾಡಿ ಮೇಲೆ ಬಲೆ ಎಳೆದಿದ್ದರು. ಮೆಟ್ಟಿಲ ಕಂಬಿಗಳಲ್ಲಿ ವಾಂತಿಗೆಂದು ಕಾಗದದ ಚೀಲಗಳ ಕಟ್ಟು ತೂಗುಹಾಕಿದ್ದರು. ಕೇಳಿದರೆ ನಗುವ ಹುಡುಗಿ, "ಸುಮ್ಮನೆ, ಮುಂಜಾಗ್ರತೆ" ಎಂದಳು. ಚೀಲ ಯಾರೂ ಸುಮ್ಮನೆ ಕಟ್ಟುವುದಿಲ್ಲ. ಖಸಬ್ ಬಿಡುವ ಉಪಾಯ ಮಾಡುತ್ತಿದ್ದಾರೆ, ಎಣ್ಣೆ ಉಳಿಸಲಿಕ್ಕೆ ಎಂದು ನಾನು ಲಾರೆನ್ಸ್‌ಗೆ ಹೇಳಿದೆ.

"ಬೆನೆಡಿಕ್ಟಾಳ ಮನೆಗೆ ಹೋಗಲಿಕ್ಕಾ ನೀನು ಹೊರಟದ್ದು?" ಎಂದು ಮೆಲ್ಲಗೆ ಕೇಳಿದರು.

"ಹಡಗು ನಿಂತರೆ" ಎಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಎದ್ದಾಗ ಮೇಜಿನ ಮೇಲಿನ ಲೋಟ ತಾನಾಗಿ ಜಾರಿ ಕೆಳಗೆ ಬಿತ್ತು. ಕಿಟಕಿಯಲ್ಲಿ ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ನೀರು. ಆಚೆ ಖಸಬ್ ಇರುವ ಮುಸಂದಂ ಸೀಮೆಯ ಬೋಳು ಬೆಟ್ಟಗಳು ದೂಳಿನಲ್ಲಿ ಮಸುಕಾಗಿದ್ದವು. ಎಂಟಕ್ಕೆ ಕ್ಯಾಪ್ಟನ್ ಮೈಕಿನಲ್ಲಿ ಮಾತಾಡಿದರು. ವಾಯವ್ಯದಿಂದ ಬಲವಾದ ಗಾಳಿ, ಬಂದರಿನ ಒಳಗೂ ತೆರೆ. ಹೊರಗೆ ಒಂದು ಗಂಟೆ ಕಾದು ನೋಡುತ್ತೇವೆ, ಗಾಳಿ ಇಳಿಯದಿದ್ದರೆ ಖಸಬ್ ಬಿಟ್ಟು ಮತ್ರಾಕ್ಕೆ ಹೋಗುತ್ತೇವೆ.

ನಾನು ನಂಬಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ಶಾಲು ಸುತ್ತಿಕೊಂಡು, ಕಂಬಿ ಹಿಡಿದು, ಮಾತ್ರೆ ನುಂಗಿ ಏಳನೆಯ ಅಂತಸ್ತಿನ ಡೆಕ್ಕಿಗೆ ಹತ್ತಿದೆ. ಗಾಜಿನ ಬಾಗಿಲಿಗೆ ಬೀಗ. ಒಳಗಡೆ ಡೆಕ್ ಕೆಲಸದವರೊಬ್ಬರು ಹಗ್ಗ ಸುತ್ತುತ್ತ ಕೂತಿದ್ದರು, ಐವತ್ತು ದಾಟಿದ ಗಡ್ಡದ ಮನುಷ್ಯ. ಎದೆಯ ಮೇಲಿನ ಚೀಟಿಯಲ್ಲಿ ಇಬ್ರಾಹಿಂ ಎಂದಿತ್ತು. ಹಿಂದಿಯಲ್ಲಿ ಬಾಗಿಲು ತೆರೆಯಿರಿ ಎಂದೆ. ನನ್ನ ಹಿಂದಿ ಕೇಳಿದ್ದೇ ಅವರು ಕನ್ನಡದಲ್ಲಿ, "ನೀವು ಊರಿನವರಾ? ನಂದು ಉಳ್ಳಾಲ" ಎಂದರು.

"ಉಡುಪಿ. ಸತ್ಯ ಹೇಳಿ, ಇವರು ಬೇಕೆಂತಲೇ ಖಸಬ್ ಬಿಡುದಲ್ವಾ?"

"ಬೇಕೆಂತ ಯಾರು ಬಿಡ್ತಾರೆ ಅಕ್ಕ? ಇದು ಶಮಾಲ್. ಬಡಗಣದ ಗಾಳಿ."

"ಜನವರಿಯಲ್ಲಿ ಎಂಥ ಗಾಳಿ ಮಾರ್ರೆ? ನಮ್ಮಲ್ಲಿ ಈಗ ಮಕ್ಕಳು ದೋಣಿ ತೆಗೀತಾರೆ."

ಅವರು ಹಗ್ಗ ಕೆಳಗಿಟ್ಟು ನಕ್ಕರು. "ನಾನೂ ಮೊದಲು ಹಾಗೇ ಹೇಳಿದ್ದು. ನಮ್ಮ ಊರಿನವರು ಎಲ್ಲ ಹಾಗೇ ಹೇಳುದು. ಕಡಲು ಒಂದೇ ಅಂತ ನಮಗೆ. ಇಲ್ಲಿ ಲೆಕ್ಕ ಉಲ್ಟಾ ಅಕ್ಕ. ಚಳಿ ಬಂದ ಮೇಲೆಯೇ ಗಾಳಿ. ಹಿಡಿದ್ರೆ ಎರಡು ದಿನ, ಮೂರು ದಿನ. ಆಮೇಲೆ ಖಸಬ್‌ಗೆ ಹಡಗೂ ಇಲ್ಲ, ವಿಮಾನವೂ ಇಲ್ಲ."

"ವಿಮಾನವೂ?"

"ಬೆಟ್ಟದ ಎಡೆಯಲ್ಲಿ ಇಳೀಬೇಕಲ್ಲ. ಈ ಗಾಳಿಯಲ್ಲಿ ಹೇಗೆ ಇಳಿಯುದು?"

"ಡಿಸೆಂಬರಲ್ಲಿಯೂ ಹೀಗೆ ಇರ್ತದಾ?"

"ಡಿಸೆಂಬರಲ್ಲೇ ಶುರು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಇಬ್ರಾಹಿಂ ನನಗೆ ಹೊಟ್ಟೆ ತೊಳಸಿದೆ ಎಂದುಕೊಂಡು ಒಂದು ಕಾಗದದ ಚೀಲ ಕಿತ್ತು ಕೈಗೆ ಕೊಟ್ಟರು. ಹೊಟ್ಟೆಯಲ್ಲ, ನಾಚಿಕೆ. ರೋಸಿನ ಚಪ್ಪರದಡಿ ಬ್ಯಾಗು ಹಿಡಿದು ನಿಂತ ಅಕ್ಕನ ಮುಖ ಕಣ್ಣ ಮುಂದೆ ಬಂತು. ಎರಡು ದಿನ ವಿಮಾನ ನಿಲ್ದಾಣದಲ್ಲಿ ಕೂತು, ಸಿಕ್ಕಿದ ವಿಮಾನ ಹಿಡಿದು, ಓಡಿ ಬಂದವಳನ್ನು ನಾನು ನಲವತ್ತು ಜನರ ಮುಂದೆ ಸುಳ್ಳಿ ಎಂದಿದ್ದೆ. ಅವಳ ಮಾತು ಒರೆಗೆ ಹಚ್ಚಲು ನನ್ನ ಬಳಿ ಇದ್ದದ್ದು ಉಡುಪಿಯ ಕಡಲು ಮಾತ್ರ. ಯಾರನ್ನೂ ನಂಬದ ನಾನು ಅದೊಂದನ್ನು ಕಣ್ಣು ಮುಚ್ಚಿ ನಂಬಿದ್ದೆ.

ಹಡಗು ಇನ್ನೂ ಖಸಬ್‌ನ ಎದುರಿಗೇ ಹೊಯ್ದಾಡುತ್ತಿತ್ತು. ಫೋನಿನಲ್ಲಿ ಒಮಾನ್ ಸಿಗ್ನಲ್ ಎರಡು ಗೆರೆ. ಅವಳ ನಂಬರ್ ಅಳಿಸಿರಲಿಲ್ಲ. ಒತ್ತಿದೆ.

"ಏನಾಯ್ತು? ಯಾರಿಗೆ ಏನಾಯ್ತು?" ಅಕ್ಕ ಎತ್ತಿದ ಕೂಡಲೇ ಕೇಳಿದಳು. ಏಳು ವರ್ಷದ ಮೇಲೆ ಫೋನ್ ಬಂದರೆ ಸಾವಿನ ಸುದ್ದಿಯೆಂದೇ ಅಂದುಕೊಳ್ಳಬೇಕು. ನಾವು ಮಾತಾಡಿದ್ದು ಕೊಂಕಣಿಯಲ್ಲಿ.

"ಯಾರಿಗೂ ಏನೂ ಆಗಲಿಲ್ಲ. ನಾನು ಹಡಗಿನಲ್ಲಿದ್ದೇನೆ, ನಿನ್ನ ಊರಿನ ಮುಂದೆ. ನಿನ್ನನ್ನು ನೋಡಲಿಕ್ಕೆ ಬಂದದ್ದು. ನಿಲ್ಲಿಸುವುದಿಲ್ಲವಂತೆ. ಗಾಳಿ."

ಅವಳು, "ಜನವರಿಯಲ್ಲಿ ಎಂಥ ಗಾಳಿ, ಲೀನಾ?" ಎಂದಳು.

ಚುಚ್ಚಿದಳೋ, ನಕ್ಕಳೋ ಗೊತ್ತಾಗಲಿಲ್ಲ. "ಹೌದು ಅಕ್ಕ, ಗಾಳಿ. ನೀನು ಹೇಳಿದ್ದು ನಿಜ. ನಾನು ಕಾಯಬೇಕಿತ್ತು" ಎಂದು ಕೂಗಿದೆ. ಇಬ್ರಾಹಿಂ ಬೆಚ್ಚಿ ತಿರುಗಿ ನೋಡಿದರು. ಫೋನ್ ಕಿವಿಯಿಂದ ತೆಗೆದು ನೋಡಿದರೆ ಕರೆ ಕಡಿದಿತ್ತು. ಮೂರು ಸಲ ಮತ್ತೆ ಒತ್ತಿದೆ, ಹೋಗಲಿಲ್ಲ. ಅಷ್ಟರಲ್ಲಿ ಹಡಗು ತಿರುಗಿ, ಬೆಟ್ಟಗಳು ಹಿಂದಕ್ಕೆ ಸರಿಯತೊಡಗಿದವು.

ಹಿಂದಿರುಗುವ ದಾರಿಯಲ್ಲಿ ಗಾಳಿ ಬೆನ್ನ ಹಿಂದೆ ಇತ್ತು, ಹಡಗು ಅಷ್ಟು ಹೊಯ್ದಾಡಲಿಲ್ಲ. ಅರ್ಧ ಜನ ಕೋಣೆ ಬಿಟ್ಟು ಹೊರಬರಲಿಲ್ಲ, ಊಟದ ಹಾಲ್ ಖಾಲಿ. ಈ ತಿಂಗಳಲ್ಲಿ ಬರುವವರಿಗೆ ನಾನು ಹೇಳುವುದಿಷ್ಟು: ಬಣ್ಣದ ಕಾಗದವನ್ನಲ್ಲ, ಸಣ್ಣ ಅಕ್ಷರದ ಕಾಗದವನ್ನು ಓದಿ. ಹಗಲಿಗೆ ಹತ್ತಿ, ಸಂಜೆಗೆ ಉಣ್ಣೆ, ಹೊಟ್ಟೆಗೆ ಮಾತ್ರೆ. ಯಾವ ಬಂದರಿನಲ್ಲೂ ಹಡಗು ನಿಂತೇ ನಿಲ್ಲುತ್ತದೆಂದು ಯಾರಿಗೂ ಮಾತು ಕೊಡಬೇಡಿ.

ಐದನೆಯ ದಿನ ಬೆಳಿಗ್ಗೆ ಮತ್ರಾ ತಲುಪಿದೆವು. ಇಪ್ಪತ್ತೆರಡು ಡಿಗ್ರಿ, ತೆಳು ಬಿಸಿಲು. ಫೋನ್ ತೆರೆದು ನೋಡಿದೆ, ಅಕ್ಕನಿಂದ ಕರೆಯೂ ಇರಲಿಲ್ಲ, ಮೆಸೇಜೂ ಇರಲಿಲ್ಲ. ಟ್ಯಾಕ್ಸಿಯಲ್ಲಿ ಲಾರೆನ್ಸ್, "ಅವಳೇ ಫೋನ್ ಇಟ್ಟಳಾ?" ಎಂದು ಕೇಳಿದರು.

ನಾನೂ ರಾತ್ರಿಯಿಡೀ ಅದನ್ನೇ ಯೋಚಿಸಿದ್ದೆ. ಕ್ಲಿನಿಕ್ಕಿನ ಮೇಜಿನ ಹಿಂದೆ ಕೂತಿದ್ದರೆ ಖಂಡಿತ ಇಟ್ಟಳೆಂದೇ ಬರೆದುಕೊಳ್ಳುತ್ತಿದ್ದೆ.

"ಇಲ್ಲ. ಸಿಗ್ನಲ್ ಹೋಯಿತು" ಎಂದೆ.

ಮನೆಗೆ ಹೋಗುವ ದಾರಿಯಲ್ಲೇ ವಿಮಾನ ನಿಲ್ದಾಣ. ಅಲ್ಲಿಗೆ ತಿರುಗಿಸಲು ಡ್ರೈವರಿಗೆ ಹೇಳಿದೆ. ಲಾರೆನ್ಸ್ ಶಾಲನ್ನು ಮಡಚಿ ನನ್ನ ಕೈಚೀಲಕ್ಕೆ ತುರುಕಿದರು. ಕೌಂಟರಿನಲ್ಲಿ ಒಬ್ಬ ಒಮಾನಿ ತರುಣ ಕೂತಿದ್ದ. ಖಸಬ್‌ಗೆ ಒಂದು ಟಿಕೆಟ್ ಎಂದೆ. ಅವನು ಕಂಪ್ಯೂಟರ್ ನೋಡಿ, ನನ್ನನ್ನು ನೋಡಿ, ಅಲ್ಲಿ ಇನ್ನೂ ಗಾಳಿ ಇದೆ, ಇವತ್ತಿನ ವಿಮಾನ ಹೊರಡುತ್ತದೋ ಇಲ್ಲವೋ ಹೇಳಲಾರೆ, ಕಾಯಬೇಕಾದೀತು ಎಂದ.

"ಕಾಯುತ್ತೇನೆ" ಎಂದೆ.