ಎಡಗೈ ಎತ್ತಿದಾಗ ಬಲಗಾಲು

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿ ಅಂತ ಮನೆಯವರೆಲ್ಲ ಅವಳನ್ನು ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ಮುಂದೆ ಅವಳು ಹೆಲಿಕಾಪ್ಟರ್ ಪೈಲಟ್ ಆದಳು, ಮದುವೆಯಾದಳು, ತಾಯಿಯೂ ಆದಳು. ಹೆಸರು ಮಾತ್ರ ಹಾಗೇ ಉಳಿಯಿತು. ಎಂಟು ವರ್ಷ ಹಾರಿಸಿದವಳ ಲಾಗ್‌ಬುಕ್ಕಿನಲ್ಲಿ ಸಾವಿರದ ಇನ್ನೂರು ಗಂಟೆಗಳಿದ್ದವು, ಯಂತ್ರಕ್ಕೆ ಒಂದು ಗೀರು ಬಿದ್ದ ದಾಖಲೆ ಇರಲಿಲ್ಲ. ಆಮೇಲೊಂದು ದಿನ ಅವಳ ಕಂಪನಿ ಇದ್ದ ಎರಡೇ ಎರಡು ಹೆಲಿಕಾಪ್ಟರುಗಳನ್ನು ಮಾರಿ ಬಾಗಿಲು ಹಾಕಿತು.

ಮಗಳಿಗೆ ಆಗ ಮೂರು ವರ್ಷ. ಗಿರಗಿಟ್ಲೆ ಕಂಡಕಂಡ ಕಂಪನಿಗೆಲ್ಲ ಅರ್ಜಿ ಹಾಕಿದಳು. ದೇಶದೊಳಗೆ ಎಲ್ಲೂ ಜಾಗ ಖಾಲಿ ಇರಲಿಲ್ಲ. ಕೊನೆಗೆ ಹೊರದೇಶದ ಒಂದು ಕಂಪನಿಯಿಂದ ಕರೆ ಬಂತು. ಬೆಟ್ಟದ ತುದಿಯ ಟವರುಗಳಿಗೆ ಕೆಲಸಗಾರರನ್ನೂ ಸಾಮಾನನ್ನೂ ಹೊತ್ತೊಯ್ಯುವ ಕೆಲಸ. ಅಲ್ಲಿನ ಲೈಸೆನ್ಸಿಗೆ ಬೇಕಾದ ಬರವಣಿಗೆಯ ಪರೀಕ್ಷೆಗಳನ್ನು ಅವಳು ಮಗು ಮಲಗಿದ ಹೊತ್ತಿನಲ್ಲಿ ಓದಿ ಓದಿ ಪಾಸು ಮಾಡಿಕೊಂಡಳು. ಇನ್ನು ಉಳಿದದ್ದು ಅವರ ಮುಖ್ಯ ಪೈಲಟ್ ಪಕ್ಕದಲ್ಲಿ ಕೂತು ಹಾರಿಸಿ ತೋರಿಸುವುದು. ಅದಕ್ಕೆ ಎರಡೇ ಅವಕಾಶ. ಎರಡೂ ಕೈತಪ್ಪಿದರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ಸು ಬರಬೇಕು.

ಅವಳ ಗಂಡ ಟೈಲರ್. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ತಾನೂ ಹೊರಟು ನಿಂತ. ಅತ್ತೆ ಸುಮ್ಮನಿರುವವರಲ್ಲ. ಹೆಂಡತಿ ಆಕಾಶದಲ್ಲಿ, ಗಂಡ ಅಡುಗೆಮನೆಯಲ್ಲಿ, ಇದೂ ಒಂದು ಸಂಸಾರವೇ ಅಂತ ಗೊಣಗುತ್ತಲೇ ಸೊಸೆಯ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕಿ, ಮಡಿಕೆ ಮುರಿಯದ ಹಾಗೆ ಪೆಟ್ಟಿಗೆಯ ಮೇಲುಗಡೆಗೆ ಇಟ್ಟರು.

ಹೊಸ ಊರಿನಲ್ಲಿ ಅವರಿಗೆ ಸಿಕ್ಕಿದ್ದು ಮೂರನೇ ಮಹಡಿಯ ಒಂದೇ ಕೋಣೆ. ಕಿಟಕಿ ತೆರೆದರೆ ಬಸ್ ಡಿಪೋ. ಒಂದು ಒಲೆ, ಒಂದು ಮಂಚ, ಹಿಂದೆ ಇದ್ದವರು ಬಿಟ್ಟುಹೋದ ಒಂದು ಸ್ಟೂಲು. ಮಗಳು ಮೊದಲ ದಿನವೇ ಡಿಪೋಕ್ಕೆ ಬರುವ ಬಸ್ಸುಗಳಿಗೆಲ್ಲ ಟಾಟಾ ಮಾಡಿ ಇಡೀ ಊರಿನ ಪರಿಚಯ ಮಾಡಿಕೊಂಡುಬಿಟ್ಟಳು.

ಸೋಮವಾರ ಮೊದಲ ಪರೀಕ್ಷೆ. ಮುಖ್ಯ ಪೈಲಟ್ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯರು. ಗಿರಗಿಟ್ಲೆ ಯಂತ್ರದ ಸುತ್ತ ಒಂದು ಸುತ್ತು ಬಂದು ಪ್ರತಿಯೊಂದು ತಿರುಪು, ಮುಚ್ಚಳ, ಬಿಜಾಗರಿಯನ್ನು ಕೈಯಿಂದ ಮುಟ್ಟಿ ನೋಡುವುದನ್ನು ಕಂಡು ಒಮ್ಮೆ ತಲೆಯಾಡಿಸಿದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಹೆಲಿಕಾಪ್ಟರಿನ ತಲೆಯ ಮೇಲಿನ ರೆಕ್ಕೆ ಒಂದು ಕಡೆಗೆ ತಿರುಗಿದರೆ ಅದರ ಮೈ ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ. ಅದನ್ನು ತಡೆದು ಹಿಡಿಯುವುದು ಪೈಲಟ್ಟರ ಕಾಲು. ಎಡಗೈಯಲ್ಲಿರುವ ಹಿಡಿಯನ್ನು ಮೇಲಕ್ಕೆ ಎಳೆದರೆ ಯಂತ್ರ ನೆಲ ಬಿಡುತ್ತದೆ, ಅದೇ ಕ್ಷಣಕ್ಕೆ ಪೆಡಲ್ ಒತ್ತಬೇಕು. ಅವಳು ಇಷ್ಟು ವರ್ಷ ಹಾರಿಸಿದ ಯಂತ್ರಗಳಲ್ಲಿ ಒತ್ತಬೇಕಾದದ್ದು ಎಡಗಾಲು. ಇಲ್ಲಿನ ಯಂತ್ರಗಳ ರೆಕ್ಕೆ ತಿರುಗುವುದು ಎದುರು ದಿಕ್ಕಿಗೆ. ಹಾಗಾಗಿ ಬಲಗಾಲು. ಇದನ್ನವಳು ಪುಸ್ತಕದಲ್ಲಿ ಓದಿ ಕೆಂಪು ಗೆರೆ ಎಳೆದಿಟ್ಟುಕೊಂಡಿದ್ದಳು. ತಲೆಗೆ ಚೆನ್ನಾಗಿ ಗೊತ್ತಿತ್ತು. ಕಾಲಿಗೆ ಯಾರೂ ಹೇಳಿರಲಿಲ್ಲ.

ಯಂತ್ರ ನೆಲದಿಂದ ಒಂದು ಗೇಣು ಎದ್ದದ್ದೇ ತಡ, ಎಡಗಾಲು ತನ್ನಷ್ಟಕ್ಕೆ ತಾನು ಒತ್ತಿಬಿಟ್ಟಿತು. ಮೂತಿ ಎಡಕ್ಕೆ ಸರ್ರನೆ ತಿರುಗಿತು. ಮೀಸೆಯವರು ತಮ್ಮ ಕಡೆಯ ಪೆಡಲ್ ಒತ್ತಿ ಹಿಡಿಯದಿದ್ದರೆ ಪೂರ್ತಿ ಒಂದು ಸುತ್ತು ಹಾಕುತ್ತಿತ್ತೋ ಏನೋ. ಅವಳು ಯಂತ್ರವನ್ನು ಕೆಳಗಿಳಿಸಿ, ಅವರು ಕೇಳುವ ಮೊದಲೇ ತಾನೇ ಹೇಳಿದಳು, ಗಾಳಿಯದ್ದಲ್ಲ, ಯಂತ್ರದ್ದೂ ಅಲ್ಲ, ತಪ್ಪು ತನ್ನ ಕಾಲಿನದು ಅಂತ. ಅವರು ಕಾಗದದ ಮೇಲೆ ಏನೋ ಒಂದು ಸಾಲು ಬರೆದು, ಶುಕ್ರವಾರ ಬೆಳಗ್ಗೆ ಬನ್ನಿ ಎಂದರು.

ನಡುವೆ ಮೂರೇ ದಿನ. ಅಭ್ಯಾಸಕ್ಕೆ ಯಂತ್ರ ಕೊಡುವವರು ಯಾರು? ಮಂಗಳವಾರ ಬೆಳಗ್ಗೆ ಅವಳು ಸ್ಟೂಲಿನ ಮೇಲೆ ಕೂತು, ಮಗಳ ಎರಡು ಚಪ್ಪಲಿಗಳನ್ನು ಪೆಡಲ್ ಮಾಡಿಕೊಂಡು, ಎಡಗೈಯಲ್ಲಿ ಸೌಟು ಹಿಡಿದಳು. ಸೌಟು ಮೇಲೆತ್ತು, ಬಲ ಚಪ್ಪಲಿ ಒತ್ತು. ಮಗಳು ಹಿಂದೆ ದಿಂಬಿನ ಮೇಲೆ ಪ್ರಯಾಣಿಕಳಾಗಿ ಕೂತಳು. ಅಜ್ಜಿ ಮನೆಗೆ ಬಿಡು ಅಂತ ಒಮ್ಮೆ ಅಪ್ಪಣೆ, ಚಂದ್ರನ ಹತ್ತಿರ ನಿಲ್ಲಿಸು ಅಂತ ಇನ್ನೊಮ್ಮೆ. ಅಮ್ಮನಿಗೆ ನಗುವಷ್ಟು ಪುರುಸೊತ್ತು ಇರಲಿಲ್ಲ. ಹತ್ತು ಸಲ ಎತ್ತಿದರೆ ನಾಲ್ಕು ಸಲ ಎಡಗಾಲೇ ಮುಂದೆ ನುಗ್ಗುತ್ತಿತ್ತು. ಬಲ, ಬಲ ಅಂತ ಬಾಯಲ್ಲಿ ಜಪ ಮಾಡಿದಷ್ಟೂ ಕಾಲು ಮರದ ಕೊರಡಿನ ಹಾಗೆ ಸೆಟೆದುಕೊಳ್ಳುತ್ತಿತ್ತು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಸೌಟು ಮೂಲೆಗೆ ಬಿತ್ತು. ಪೆಟ್ಟಿಗೆ ಬಿಚ್ಚಬೇಡಿ, ಹೇಗೂ ಮತ್ತೆ ಕಟ್ಟಬೇಕಲ್ಲ, ಎಂದಳು. ಗಂಡ ಸಮಾಧಾನ ಹೇಳಲು ಹೋಗಲಿಲ್ಲ. ಹಾಲು ಮುಗಿದಿದೆ, ನಡಿ ತರೋಣ ಎಂದ. ಮೂವರೂ ಹೊರಟರು.

ದಾರಿಯಲ್ಲಿ ಅವನು ತನ್ನ ಅಂಗಡಿಯ ಕತೆ ತೆಗೆದ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಕ್ಕೆ ಹೊಸಬರು ಕೂತರೆ ಮೊದಲ ವಾರವೆಲ್ಲ ಚಕ್ರ ಹಿಂದಕ್ಕೆ ತಿರುಗಿ ನೂಲು ಪಟಪಟ ಕಿತ್ತುಹೋಗುತ್ತದಂತೆ. ಅವರಿಗೆ ತಾನು ಕಾಲಿನ ಮಾತೇ ಎತ್ತುವುದಿಲ್ಲ, ಕೈಯಿಂದ ಚಕ್ರವನ್ನು ಮುಂದಕ್ಕೆ ಒಂದು ಸಲ ತಳ್ಳು ಅಂತ ಮಾತ್ರ ಹೇಳಿಕೊಡುತ್ತೇನೆ, ಕಾಲು ತಾನಾಗಿ ಕೈಯ ಹಿಂದೆ ಬರುತ್ತದೆ ಎಂದ. ಅವಳು ಹೂಂ ಅಂದಳು, ಅಷ್ಟೇ. ಹೊಲಿಗೆ ಯಂತ್ರ ಹಾರುವುದಿಲ್ಲವಲ್ಲ.

ಹಾಲು ಕೊಂಡು ಬರುವಾಗ ಅವನು ಮಗಳ ಕೈ ಹಿಡಿದು ನಾಲ್ಕು ಹೆಜ್ಜೆ ಹಿಂದಿದ್ದ. ಅವಳು ಸಿಟ್ಟಿನಿಂದ ಕೈ ಬೀಸಿಕೊಂಡು ಮುಂದೆ ಹೋಗುತ್ತಿದ್ದಳು. ಅಳತೆ ತೆಗೆದೂ ತೆಗೆದೂ ಜನರ ಕೈಕಾಲನ್ನೇ ನೋಡಿ ರೂಢಿಯಾದ ಕಣ್ಣು ಅವನದು. ಇದ್ದಕ್ಕಿದ್ದ ಹಾಗೆ ಕೂಗಿದ.

"ಏ, ನಿಂತ್ಕೋ. ಈಗ ಮತ್ತೆ ನಡಿ, ಹಾಗೇ ಕೈ ಬೀಸ್ಕೊಂಡು."

"ರೀ, ಜನ ನೋಡ್ತಾರೆ."

"ನೋಡ್ಲಿ ಬಿಡು, ಇವರೇನು ನಮ್ಮ ನೆಂಟರಾ? ಎಡಗೈ ಮುಂದೆ ಹೋದಾಗ ಯಾವ ಕಾಲು ಮುಂದೆ ಹೋಗ್ತಿದೆ, ಅದನ್ನ ನೋಡು."

ಅವಳು ನಡೆದಳು. ಎರಡು ಹೆಜ್ಜೆ, ಮೂರು ಹೆಜ್ಜೆ. ನಿಂತಳು. ಎಡಗೈ ಮುಂದೆ, ಬಲಗಾಲು ಮುಂದೆ.

"ನೀನು ಹುಟ್ಟಿ ವರ್ಷಕ್ಕೆ ಕಲಿತಿದ್ದು ಇದು," ಎಂದ ಗಂಡ. "ಎಂಟು ವರ್ಷ ಕಷ್ಟಪಟ್ಟು ಉಲ್ಟಾ ಮಾಡ್ತಿದ್ದೆ. ಹೊಸದೇನೂ ಕಲೀಬೇಡ. ಮೇಲೆ ಹೋದಾಗ್ಲೂ ನಡಿ, ಅಷ್ಟೇ."

ಗಿರಗಿಟ್ಲೆ ಡಿಪೋದ ಗೋಡೆಯ ಉದ್ದಕ್ಕೂ ಹೋಗಿ ಬಂದಳು, ಮತ್ತೆ ಹೋದಳು, ಮತ್ತೆ ಬಂದಳು. ಮಗಳೂ ಸಿಪಾಯಿಯ ಹಾಗೆ ಕೈ ಬೀಸುತ್ತಾ ಅಮ್ಮನ ಬೆನ್ನು ಹತ್ತಿದಳು. ಬಸ್ಸಿನ ಡ್ರೈವರೊಬ್ಬ ಗಾಜು ಇಳಿಸಿ, ಇವರಿಗೆಲ್ಲ ಏನಾಯಿತು ಅಂತ ನೋಡಿದ.

ಗುರುವಾರ ಪೂರ್ತಿ ಅದೇ. ಅರ್ಧ ಗಂಟೆ ನಡಿಗೆ, ಅರ್ಧ ಗಂಟೆ ಸ್ಟೂಲು. ಈಗ ಅವಳು ಕಾಲಿಗೆ ಅಪ್ಪಣೆ ಕೊಡುವುದನ್ನೇ ಬಿಟ್ಟಿದ್ದಳು. ಸೌಟು ಎದ್ದರೆ ಬಲ ಚಪ್ಪಲಿ ತಾನಾಗಿ ಅದುಮುತ್ತಿತ್ತು. ಮೂವತ್ತು ಸಲ ಎತ್ತಿದಳು, ಒಂದೂ ತಪ್ಪಲಿಲ್ಲ. ಪ್ರಯಾಣಿಕಳಿಗೆ ಬೇಸರ ಬಂದು ದಿಂಬಿನ ಮೇಲೆಯೇ ನಿದ್ದೆ ಹೋಗಿದ್ದಳು.

ಶುಕ್ರವಾರ ಗಾಳಿಯಿತ್ತು. ಗಂಡ, ಮಗಳು ತಂತಿಬೇಲಿಯ ಆಚೆ ನಿಂತರು. ಮೀಸೆಯವರು ಈ ಸಲ ಪಾದಗಳನ್ನು ಪೆಡಲ್ಲಿನ ಹತ್ತಿರವೇ ಇಟ್ಟುಕೊಂಡು ಕೂತದ್ದನ್ನು ಅವಳು ಗಮನಿಸಿದಳು. ತಪ್ಪೇನಿಲ್ಲ, ಅವರ ಜಾಗದಲ್ಲಿ ತಾನಿದ್ದರೂ ಹಾಗೇ ಮಾಡುತ್ತಿದ್ದೆ ಅಂದುಕೊಂಡಳು. ನೆಲದ ಮೇಲಿನ ಬಿಳಿ ಗೆರೆಗೆ ಮೂತಿ ಸರಿಹೊಂದಿಸಿ ಎಡಗೈ ಎತ್ತಿದಳು.

ಯಂತ್ರ ಎದ್ದಿತು. ಬಿಳಿ ಗೆರೆ ಕಣ್ಣೆದುರು ಇದ್ದಲ್ಲೇ ಇತ್ತು. ಪಕ್ಕದಿಂದ ಗಾಳಿ ಒಮ್ಮೆ ತಳ್ಳಿ ನೋಡಿತು, ಆದರೂ ಮೂತಿ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಇಳಿಸಿ ಎಂದರು, ಇಳಿಸಿದಳು. ಮತ್ತೆ ಎತ್ತಿ ಎಂದರು. ಹೀಗೆ ಒಂಬತ್ತು ಸಲ. ಐದನೇ ಸಲದ ಹೊತ್ತಿಗೆ ಅವರು ಪಾದಗಳನ್ನು ಹಿಂದಕ್ಕೆಳೆದು ಸೀಟಿನ ಕೆಳಗೆ ಸೇರಿಸಿದ್ದರು. ಆಮೇಲೆ ಬೆಟ್ಟದ ಸುತ್ತ ನಲವತ್ತು ನಿಮಿಷ ಹಾರಾಟ. ಅದರಲ್ಲಿ ಅವಳಿಗೆ ಯಾರೂ ಹೇಳಿಕೊಡುವಂಥದ್ದು ಏನೂ ಇರಲಿಲ್ಲ.

ಇಳಿದ ಮೇಲೆ, ಮೂರು ದಿನದಲ್ಲಿ ಯಾವ ತರಬೇತಿ ಶಾಲೆಗೆ ಹೋಗಿದ್ದಿರಿ ಅಂತ ಕೇಳಿದರು. ಅವಳು ಬೇಲಿಯ ಕಡೆ ಕೈ ತೋರಿಸಿ, ಅಲ್ಲಿ ನಿಂತಿರುವ ಟೈಲರ್ ಹೇಳಿಕೊಟ್ಟರು ಎಂದಳು. ಮೀಸೆಯವರು ಬೇಲಿಯವರೆಗೆ ನಡೆದುಹೋಗಿ ತಂತಿಯ ಸಂದಿಯಲ್ಲಿ ಬೆರಳು ತೂರಿಸಿ ಅವನ ಕೈ ಕುಲುಕಿದರು. ಅವನಿಗೆ ಅವರ ಭಾಷೆ ಬಾರದು. ಆದರೂ ಕಿವಿಯವರೆಗೆ ಕೆಂಪಾದ.

ಸೋಮವಾರ ಕೆಲಸದ ಹಲಗೆಯ ಮೇಲೆ ಎರಡನೇ ಯಂತ್ರದ ಮುಂದೆ ಅವಳ ಹೆಸರಿತ್ತು. ಮೊದಲ ಸವಾರಿಗೆ ಟವರ್ ಕೆಲಸದವರು ಇಬ್ಬರು, ಜೊತೆಗೆ ನಾಲ್ಕು ಸುರುಳಿ ತಂತಿ. ಅವರಲ್ಲಿ ಹಿರಿಯವನು ಬೆಲ್ಟು ಹಾಕಿಕೊಳ್ಳುತ್ತಾ, ಈ ಯಂತ್ರ ಎಷ್ಟು ದಿನದಿಂದ ಓಡಿಸುತ್ತಿದ್ದೀರಿ ಅಂತ ಕೇಳಿದ. ಸುಳ್ಳು ಹೇಳುವ ಅಭ್ಯಾಸ ಅವಳಿಗಿಲ್ಲ. ಶುಕ್ರವಾರದಿಂದ, ಎಂದಳು. ಅವನು ಬೆಲ್ಟನ್ನು ಇನ್ನೊಂದು ಸಲ ಜಗ್ಗಿ ಬಿಗಿ ಮಾಡಿಕೊಂಡು ಕಣ್ಣು ಮುಚ್ಚಿದ.

ಬೆಟ್ಟದ ತುದಿಯಲ್ಲಿ ಇಳಿಯುವ ಜಾಗ ಒಂದು ಊಟದ ಕೋಣೆಯಷ್ಟು ಅಗಲ. ಇಳಿಸಿ, ಸಾಮಾನು ಕೊಟ್ಟು, ಅವಳು ವಾಪಸ್ಸು ಬಂದಳು. ಇಂಧನ ತುಂಬಿಸಿಕೊಳ್ಳುತ್ತಿರುವಾಗ ಮೇಲಿನಿಂದ ರೇಡಿಯೋ ಮಾತಾಡಿತು. ಅದೇ ಹಿರಿಯವನ ದನಿ. ಸಂಜೆ ತಮ್ಮನ್ನು ಇಳಿಸಿಕೊಂಡು ಹೋಗಲು ಬೇರೆ ಯಾರನ್ನೂ ಕಳಿಸಬೇಡಿ, ಬೆಳಗ್ಗೆ ಬಂದವರೇ ಬರಲಿ, ಎಂದ.