ತೂವಾನ ಹೊಕ್ಕುಳಮರ

ನನ್ನ ಗಂಡ ತೂವಾ ಊರಿಗೆಲ್ಲ ಜೇನು ಕಿತ್ತುಕೊಟ್ಟವನು. ತನ್ನ ಪಾಲು ಯಾವತ್ತೂ ಕೊನೆಗೆ. ಬಾಯಿ ಮಾತ್ರ ದೊಡ್ಡದು. ಆ ಬಾಯಿಯೇ ಈ ಕೇಡು ತಂದಿತು.

ಗುಡ್ಡಗಾಡಿನ ನಮ್ಮ ಕರೆನ್ ಜನರಲ್ಲಿ ಕೂಸಿನ ಹೊಕ್ಕುಳಬಳ್ಳಿ ಉದುರಿದ ದಿನ ಅಪ್ಪ ಅದನ್ನು ಬಿದಿರಿನ ಕೊಳವೆಗೆ ಹಾಕಿ ಮರಕ್ಕೆ ಕಟ್ಟುತ್ತಾನೆ. ಆ ಜೀವ ಇರುವ ತನಕ ಮರಕ್ಕೆ ಕತ್ತಿಯಾಗಲಿ ಮೊಳೆಯಾಗಲಿ ಸೋಕಬಾರದು. ತೂವಾನದು ತೊರೆ ದಂಡೆಯ ಆಲ.

ಪಟ್ಟಣದ ಪ್ರವಾಸ ಕಚೇರಿಯ ನಿರುತ್ ಹೋದ ವರ್ಷ ನಕ್ಷೆ ಹಿಡಿದು ಬಂದ. "ದೊಡ್ಡಪ್ಪ, ಈ ಕಾಡಲ್ಲಿ ಎಲ್ಲಕ್ಕಿಂತ ದೊಡ್ಡ ಮರ ಯಾವ್ದು?"

"ನಂದೇ," ಅಂದ ತೂವಾ. ಅನ್ನ ಹಾಕಿ, ಕರೆದುಕೊಂಡು ಹೋಗಿ ತೋರಿಸಿದ. ನಿರುತ್ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟ. ಚಳಿಗಾಲದಲ್ಲಿ ತೂವಾ ಸತ್ತ. ಚುಕ್ಕೆ ಉಳಿಯಿತು.

ಹೋದ ವಾರ ನಿರುತ್ ಮತ್ತೆ ಬಂದ. ಆಲದ ಮೇಲೆ ಪ್ರವಾಸಿಗರು ಮಲಗಲು ಗುಡಿಸಲಂತೆ. ಊರವರೇ ಕಟ್ಟಬೇಕೆಂದು ಯೋಜನೆಯಲ್ಲಿ ಬರೆದಿದೆಯಂತೆ. ಮೇಸ್ತ್ರಿ ಯಾರು? ನನ್ನ ಮನೆಯಲ್ಲೇ ಉಣ್ಣುವ ಅಳಿಯ ಏಡೊ.

"ಅದು ನನ್ನ ಗಂಡನ ಮರ," ಅಂದೆ.

"ಗೊತ್ತಮ್ಮ. ಬೋರ್ಡಲ್ಲಿ ಅವರ ಹೆಸರು ಹಾಕಿಸ್ತೀವಿ," ಅಂದ ನಿರುತ್.

"ನಿಮ್ಮಪ್ಪನ ಎದೆಗೆ ಮೊಳೆ ಹೊಡೆದು ಹೆಸರು ಹಾಕಿಸು, ಹೋಗು."

ಏಡೊ ನೆಲ ನೋಡುತ್ತ, "ಅತ್ತೆ, ಮಾವ ಹೋದ್ಮೇಲೆ ಅದು ಬರೀ ಮರ. ಹಿರಿಯರೂ ಹಾಗೇ ಅಂದ್ರು," ಅಂದ.

"ನಿನ್ನ ನಾಲಿಗೆನೂ ಕಚೇರಿಯವರೇ ಕೊಡಿಸಿದ್ರಾ?"

ಆದರೆ ಅವನ ಮಾತು ಸುಳ್ಳಲ್ಲ. ಸತ್ತವನ ಮರಕ್ಕೆ ಕಾವಲಿಲ್ಲ.

ಏಡೊನ ಹೆಂಡತಿ, ನನ್ನ ಬಾಣಂತಿ ಮಗಳು ಮೂಪೋ ಒಳಗಿಂದ ಎಲ್ಲ ಕೇಳಿಸಿಕೊಂಡಳು. ಅದಾದ ಮೂರನೇ ದಿನ ಕೂಸಿನ ಬಳ್ಳಿ ಉದುರಿತು. ಏಡೊ ಕೊಳವೆ ತಂದ. ಗುಡ್ಡದ ಹಲಸಿಗೆ ಕಟ್ಟುವುದು ಅವನ ಲೆಕ್ಕ. ಮೂಪೋ ಬಳ್ಳಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಅಪ್ಪನ ಆಲಕ್ಕೆ ಕಟ್ಟೋದಾದ್ರೆ ಕೊಡ್ತೀನಿ."

"ಸತ್ತೋರ ಮರಕ್ಕೆ ಕೂಸಿನ ಬಳ್ಳಿನಾ?"

"ಬರೀ ಮರ ಅಂದ್ಯಲ್ಲ."

ಅವನು ಬಳ್ಳಿಯನ್ನು ಕೊಳವೆಗೆ ಹಾಕಿಕೊಂಡ. ತೊರೆಗೆ ಹೋಗಿ ಕಟ್ಟಿದ. ನಾನು ಹಿಂದೆಯೇ ಹೋಗಿ ಗಂಟು ಎಳೆದು ನೋಡಿದೆ.

ಮರುದಿನ ನಿರುತ್ ಮೊಳೆಯ ಡಬ್ಬಿ ತಂದ. ಊರ ಗಂಡಸರೆಲ್ಲ ಕೊಳವೆ ನೋಡಿ ಹಿಂದೆ ಸರಿದರು. ಏಡೊ ಸುತ್ತಿಗೆಯನ್ನು ನಿರುತ್ ಕೈಗೇ ಇಟ್ಟ.

"ಇದು ಈಗ ನನ್ನ ಮಗಳ ಮರ, ಸಾಹೇಬ್ರೆ. ಹೊಡೀಬೇಕಾದ್ರೆ ನೀವೇ ಹೊಡೀರಿ."

ನಿರುತ್ ಹೊಡೆಯಲಿಲ್ಲ. ನಕ್ಷೆ ಬಿಚ್ಚಿ, "ಬೇರೆ ದೊಡ್ಡ ಮರ ತೋರ್ಸಿ," ಅಂದ. ಯಾರೂ ಬಾಯಿ ಬಿಡಲಿಲ್ಲ.

ತೂವಾ ಇದ್ದಿದ್ದರೆ ತೋರಿಸಿಯೇ ಬಿಡುತ್ತಿದ್ದ. ಇಲ್ಲದ್ದೇ ಒಳ್ಳೆಯದಾಯಿತು ಅಂತ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸುವಂತೆ ಮಾಡಿದನಲ್ಲ, ಅದಕ್ಕೆ ಆ ನಿರುತ್‌ನನ್ನು ನಾನು ಕ್ಷಮಿಸುವುದಿಲ್ಲ.