ಕಾಗದದ ಕೌದಿಗೆ ರೊಟ್ಟಿ ಚೂರು

ಸ್ಕ್ರ್ಯಾಪ್‌ಬುಕ್ ಮಾಡುವವರ ಮನೆಯಲ್ಲಿ ಪುಸ್ತಕಕ್ಕಿಂತ ಚೂರೇ ಜಾಸ್ತಿ. ಹುಟ್ಟುಹಬ್ಬಕ್ಕೆ, ಮದುವೆಗೆ ಅಂತ ಫೋಟೊ ಅಂಟಿಸಿ ಆಲ್ಬಮ್ ಮಾಡಿಕೊಡುವ ಹುಚ್ಚು ನನಗೆ ಹಿಡಿದು ಕೆಲವು ವರ್ಷವಾಯಿತು. ಅದಕ್ಕೆ ಹುಬ್ಬಳ್ಳಿಯಿಂದ ದಪ್ಪ ಕಾಗದ ತರಿಸುತ್ತೇನೆ. ಒಂದೊಂದರ ಮೇಲೂ ಹೂವು, ಚುಕ್ಕಿ, ಗೆರೆ. ಕತ್ತರಿಸಿ ಉಳಿದ ಅಂಚುಗಳನ್ನು ಬಿಸಾಡಲು ಮನಸ್ಸು ಬಾರದೆ ಬಿಸ್ಕಿಟ್ ಡಬ್ಬಿಗಳಿಗೆ ತುಂಬುತ್ತ ಬಂದೆ. ಇಸಳೂರಿನ ನಮ್ಮ ಹೊಸ ಮನೆಯಲ್ಲಿ ಪಾತ್ರೆ ಇಡಲೆಂದು ಮಾಡಿಸಿದ ಕಪಾಟನ್ನು ಈ ಡಬ್ಬಿಗಳೇ ನುಂಗಿಹಾಕಿದವು. ಮನೆಯವರು ಮೊದಮೊದಲು ಗೊಣಗಿದರು, ಆಮೇಲೆ ಸುಮ್ಮನಾದರು.

ಅವ್ವ ದಾಸನಕೊಪ್ಪದಿಂದ ನನ್ನ ಮನೆಗೆ ಬಂದದ್ದು ಲಕ್ವ ಹೊಡೆದ ಮೇಲೆ. ಕಾಲು, ಮಾತು ಬೇಗ ಸುಧಾರಿಸಿದವು. ಮಾತಂತೂ ಮೊದಲಿಗಿಂತ ಚುರುಕಾಯಿತು. ಬಲಗೈ ಮಾತ್ರ ಹಟ ಹಿಡಿಯಿತು. ತೋಳು ಏಳುತ್ತಿತ್ತು, ಬೆರಳು ಮಡಚುತ್ತಿದ್ದವು, ಆದರೆ ಹೆಬ್ಬೆರಳೂ ತೋರುಬೆರಳೂ ಕೂಡಿ ಏನನ್ನೂ ಹಿಡಿಯುತ್ತಿರಲಿಲ್ಲ. ಶಿರಸಿಯಲ್ಲಿ ವ್ಯಾಯಾಮ ಹೇಳಿಕೊಡುವಾಕೆ ಒಂದು ಸ್ಪಂಜಿನ ಚೆಂಡು ಕೊಟ್ಟು ಹಿಚುಕುತ್ತಿರಿ ಅಂದಳು. ಈಗ ದುಡಿಸದಿದ್ದರೆ ಈ ಕೈ ಹೀಗೇ ಉಳಿದುಬಿಡಬಹುದು ಎಂದು ನನ್ನನ್ನು ಬದಿಗೆ ಕರೆದು ಹೇಳಿದಳು. ಅವ್ವ ಆ ಚೆಂಡನ್ನು ಪಕ್ಕದ ಮನೆಯ ನಾಯಿಗೆ ಎಸೆದಳು.

ಅವಳನ್ನು ನಿಜಕ್ಕೂ ಕುಗ್ಗಿಸಿದ್ದು ಊಟ. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಯಾರೂ ನೋಡಬಾರದು. ನಾವೆಲ್ಲ ಉಂಡು ಎದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಹೀಗಿರುವಾಗ ಅಣ್ಣನ ಮಗಳ ಕುಬಸ ಗೊತ್ತಾಯಿತೆಂದು ಊರಿಂದ ಫೋನ್ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಊರವರನ್ನೆಲ್ಲ ಕರೆದು ಉಣಿಸುವ ಕಾರ್ಯ ಅದು. ನಾನು ಹೊರಡುವ ತಯಾರಿಯ ಮಾತೆತ್ತಿದರೆ ಅವ್ವ ಬರುವುದಿಲ್ಲ ಅಂದುಬಿಟ್ಟಳು.

"ನಾಕ ಮಂದ್ಯಾಗ ಎಡಗೈಲೆ ಉಣ್ಣಲೇನು? ಆ ಕೂಸಿಗೆ ಒಂದ ಕೌದಿ ಹೊಲಿಯಾಕ ಸೈತ ನನ್ನ ಕೈಲೆ ಆಗಂಗಿಲ್ಲ. ಯಾವ ಮುಖ ತಗೊಂಡು ಬರ್ಲಿ."

ಹಳೇ ಸೀರೆ, ಧೋತರದ ತುಂಡು ಕೂಡಿಸಿ ಅವಳು ಹೊಲಿದ ಕೌದಿಯಲ್ಲಿ ಮಲಗದ ಕೂಸು ನಮ್ಮ ಮನೆತನದಲ್ಲಿಲ್ಲ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇವಳನ್ನು ಕುಬಸಕ್ಕೆ ಕರೆದೊಯ್ಯುವುದೇ ಸೈ, ಬಲಗೈಯಲ್ಲೇ ಉಣ್ಣುವಂತೆ ಮಾಡುವುದೇ ಸೈ ಎಂದು ನಿಂತಲ್ಲೇ ನಿಶ್ಚಯಿಸಿದೆ. ಹಟ ಅವಳೊಬ್ಬಳ ಸ್ವತ್ತಲ್ಲ, ನನಗೂ ಅದರಲ್ಲಿ ಪಾಲು ಬಂದಿದೆ.

ಮರುದಿನ ಡಬ್ಬಿಗಳನ್ನು ಅವಳ ಮುಂದೆ ಸುರಿದೆ. ಹುಟ್ಟುವ ಕೂಸಿಗೆ ಒಂದು ಆಲ್ಬಮ್ ಮಾಡೋಣ, ಮೇಲಿನ ರಟ್ಟಿಗೆ ಈ ಚೂರುಗಳನ್ನೇ ಕೌದಿಯ ಹಾಗೆ ಜೋಡಿಸೋಣ, ಹೂವು ನೀನು ಮಾಡು ಅಂದೆ. ಕಾಗದ ಹೊದ್ದುಕೊಂಡು ಮಲಗುತ್ತದೇನು ಕೂಸು ಅಂತ ಮುಖ ತಿರುಗಿಸಿದಳು. ಕಣ್ಣು ಮಾತ್ರ ಚೂರುಗಳ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಅವಳ ಎಡಗೈ ಹಸಿರಿನದೊಂದು, ಅರಿಸಿನ ಬಣ್ಣದ್ದೊಂದು ಆರಿಸಿ ಪಕ್ಕಪಕ್ಕ ಇಡತೊಡಗಿತು. ನಾನು ಇಟ್ಟದ್ದನ್ನು ಅತ್ತ ತಳ್ಳಿತು.

ಹೂವು ಮಾಡುವುದು ಸುಲಭ. ಉದ್ದ ಪಟ್ಟಿಯನ್ನು ಸೀರೆಯ ನಿರಿಗೆಯ ಹಾಗೆ ಹಿಂದೆ ಮುಂದೆ ಸಣ್ಣಗೆ ಮಡಚುತ್ತ ಹೋಗಬೇಕು. ಎರಡು ತುದಿ ಅಂಟಿಸಿದರೆ ಬಳೆಯಾಗುತ್ತದೆ, ಮೇಲಂಚನ್ನು ನಡುವಿಗೆ ಒತ್ತಿ ಕೂರಿಸಿದರೆ ಅರಳಿದ ಹೂವು. ಹಿಂಬದಿಗೆ ಕಾಗದದ ಒಂದು ದುಂಡು ಬಿಲ್ಲೆ ಅಂಟಿಸಿ, ಅಂಟು ಒಣಗುವ ತನಕ ಒತ್ತಿ ಹಿಡಿದಿರಬೇಕು. ಬಿಟ್ಟರೆ ಚಟ್ಟನೆ ಬಿಚ್ಚಿಕೊಳ್ಳುತ್ತದೆ. ಅವ್ವ ಎಡಗೈಯಿಂದ ನಿರಿಗೆ ಹಿಡಿದಳು, ಬಲ ಅಂಗೈ ಊರಿ ಒತ್ತಿದಳು. ಬಿಚ್ಚಿಕೊಂಡಾಗಲೆಲ್ಲ ಹೂವಿಗೂ ನನಗೂ ಸೇರಿಸಿಯೇ ಬೈಗುಳ. ಬಿದ್ದ ಪಟ್ಟಿಯನ್ನು ಎತ್ತಿಕೊಡಲು ಹೋದರೆ ನನ್ನ ಕೈಗೆ ಏಟು. ಮಧ್ಯಾಹ್ನದ ನಿದ್ದೆ ಬಿಟ್ಟು ಕೂತಳು. ದಿನ ಕಳೆದ ಹಾಗೆ ಅಂಗೈಯ ಬದಲು ಬೆರಳ ತುದಿಗಳು ಒತ್ತತೊಡಗಿದವು. ನನಗೆ ಒಳಗೊಳಗೇ ಹಿಗ್ಗು. ಆದರೆ ಉಣ್ಣುವಾಗ ಮತ್ತೆ ಅದೇ ಮೂಲೆ, ಅದೇ ಚಮಚ. ಒಮ್ಮೆ ಬಲಗೈ ಹಾಕಿ ನೋಡು ಅಂದರೆ ತಟ್ಟೆ ಸರಿಸಿ ಏಳುತ್ತಿದ್ದಳು. ಕುಬಸ ಹತ್ತಿರ ಬಂದಂತೆ ನನಗೆ ಹೆದರಿಕೆಯಾಗತೊಡಗಿತು.

ಆಲ್ಬಮ್ ಮುಗಿಸಿದ ದಿನ ರೊಟ್ಟಿ ಬಡಿದಿಟ್ಟು ಬಂದು ಆ ಆಲ್ಬಮ್ಮನ್ನು ಅವ್ವನ ತೊಡೆಯ ಮೇಲಿಟ್ಟೆ. ಚೌಕ ಚೌಕ ಚೂರುಗಳು, ನಡುನಡುವೆ ಅವಳ ಸೊಟ್ಟ ಹೂವುಗಳು. ಒಂದನ್ನೂ ನಾನು ತಿದ್ದಿರಲಿಲ್ಲ. ನಾಲ್ಕು ಮೂಲೆಗೂ ಕಾಗದವನ್ನು ತ್ರಿಕೋನದ ಜೇಬಿನ ಹಾಗೆ ಮಡಚಿ ಅಚ್ಚುಕಟ್ಟಾಗಿ ಅಂಟಿಸಿದ್ದೆ. ಅವ್ವ ಕೌದಿ ನೋಡುವಂತೆಯೇ ಎಡಗೈಯಲ್ಲಿ ಅಂಚು ಸವರುತ್ತ ಬಂದು ಕೊನೆಯ ಮೂಲೆಯಲ್ಲಿ ಕೈ ನಿಲ್ಲಿಸಿದಳು. ಮುಖ ಗಂಟಾಯಿತು.

"ನಾಕೂ ಮೂಲಿ ಮುಚ್ಚಿ ಕುಂತೀಯಲ್ಲ. ಇದರ ಹೊಟ್ಟಿ ಯಾರು ತುಂಬಸವ್ರು?"

ಆಗ ನೆನಪಾಯಿತು. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಹೊಲಿಯುವ ಮೊದಲು ಒಳಗೊಂದು ರೊಟ್ಟಿ ಚೂರು ಇಡುತ್ತಾರೆ. ಕೌದಿ ಹಸಿದಿರಬಾರದು, ಅದು ಹಸಿದರೆ ಹೊದ್ದ ಕೂಸೂ ಹಸಿಯುತ್ತದೆ ಅಂತ. ಚಿಕ್ಕವಳಿದ್ದಾಗ ಬುಟ್ಟಿಯಿಂದ ರೊಟ್ಟಿ ತಂದುಕೊಡುತ್ತಿದ್ದವಳು ನಾನೇ. ಕಾಗದಕ್ಕೆ ಇದೆಲ್ಲ ಯಾಕೆ, ಇರುವೆ ಬಂದೀತು ಅಂದೆ. ಬರಲಿ, ಅವೂ ಉಣ್ಣಲಿ ಅಂದಳು. ಉಗುರಿನಿಂದ ಕೆದರಿ ಮೂಲೆ ಬಿಚ್ಚಿದಳು, ಮತ್ತೆ ಅಂಟದಂತೆ ಎಡ ಹೆಬ್ಬೆರಳು ತೂರಿಸಿ ಹಿಡಿದುಕೊಂಡು ರೊಟ್ಟಿ ತಾ ಅಂದಳು.

ತಟ್ಟೆಯಲ್ಲಿ ರೊಟ್ಟಿ ತಂದು ಒಂದು ಚೂರು ಮುರಿಯಲು ಕೈ ಹಾಕಿದೆ.

"ನೀ ಬ್ಯಾಡ. ಕೌದಿ ಹೊಲಿದಾಕಿನ ಇಡಬೇಕು."

ಎಡಗೈ ಮೂಲೆಯಲ್ಲಿ ಸಿಕ್ಕಿತ್ತು. ಬಲಗೈ ರೊಟ್ಟಿಯ ಕಡೆ ಹೋಯಿತು. ಹೆಬ್ಬೆರಳು ಅಂಚಿನ ಮೇಲೆ ಜಾರಿತು, ಮತ್ತೆ ಹೋಯಿತು, ಮತ್ತೆ ಜಾರಿತು. ನಾನು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತೆ, ಇಲ್ಲದಿದ್ದರೆ ನನ್ನ ಕೈ ತಡೆಯುತ್ತಿರಲಿಲ್ಲ. ಅವ್ವನಿಗೆ ನನ್ನ ಕಡೆ ಗಮನವೇ ಇರಲಿಲ್ಲ, ಹಸಿದ ಆ ಮೂಲೆಯ ಮೇಲೇ ಅವಳ ದೃಷ್ಟಿ. ಕೊನೆಗೆ ಹೂವು ಒತ್ತುವ ಹಾಗೆ ಎರಡು ಬೆರಳನ್ನೂ ಗಟ್ಟಿಯಾಗಿ ಒತ್ತಿ ಎಳೆದಳು. ಉಗುರಿನಷ್ಟು ರೊಟ್ಟಿ ಮುರಿದು ಬಂತು. ನಡುಗುತ್ತಲೇ ಅದನ್ನು ಮೂಲೆಯೊಳಗೆ ತುರುಕಿದಳು. ನಾನು ಅಂಟು ಸವರಿದೆ, ಅವಳು ಅದೇ ಬೆರಳುಗಳಿಂದ ಒಣಗುವ ತನಕ ಒತ್ತಿ ಹಿಡಿದಳು.

ಆಮೇಲೆ ಆ ಬೆರಳುಗಳನ್ನು ಯಾರದೋ ಅನ್ನುವಂತೆ ನೋಡಿಕೊಂಡಳು. ತಟ್ಟೆಯಲ್ಲಿ ಉಳಿದ ರೊಟ್ಟಿಗೆ ಮತ್ತೆ ಕೈ ಹಾಕಿದಳು. ಈ ಸಲ ಚೂರು ಬಾಯಿಗೆ ಹೋಯಿತು.

"ಉಪ್ಪು ಕಡಿಮಿ ಆಗೈತಿ," ಅಂದಳು. ಅಗಿಯುತ್ತಲೇ, ಕುಬಸಕ್ಕೆ ಉಡಲು ತನ್ನ ಇಳಕಲ್ ಸೀರೆ ತೆಗೆದಿಡು ಅಂದಳು.

ನನಗೆ ಅಳು ತಡೆಯಲಾಗಲಿಲ್ಲ, ನಾನೇ ಗೋಡೆಯ ಕಡೆ ತಿರುಗಿದೆ. ಅವ್ವ ತಿರುಗಲಿಲ್ಲ. ಮನೆಯ ನಡುವೆ ಕೂತು ಇಡೀ ರೊಟ್ಟಿ ಮುಗಿಸಿದಳು.